ಮುತ್ತಜ್ಜನ ಹಾರೆ

ಅಪ್ಪಾ,

ರಾತ್ರಿಯ ಗಾಳಿಗೆ ನಾವು ದೋಣಿ ಕಟ್ಟುವ ಧಕ್ಕೆಯ ಕಲ್ಲುಗಳು ಕುಸಿದಿವೆ. ಬೆಳಿಗ್ಗೆ ಹೋಗಿ ಸಂದಿಯಲ್ಲಿ ಬಗ್ಗಿ ನೋಡಿದರೆ ಮುಂಗುಸಿಯಂಥ ಒಂದು ಮಿಂಕ್ ಮರಿ ಸಿಕ್ಕಿಕೊಂಡು ಕೀಚಲು ದನಿಯಲ್ಲಿ ಅಳುತ್ತಿತ್ತು. ನೀನು ಹೇಳುತ್ತಿದ್ದ ದೊಡ್ಡ ಕಡಲ ಮಿಂಕ್ ಅಲ್ಲ. ಅಮೆರಿಕದ ಈ ನಮ್ಮ ಮೇನ್ ರಾಜ್ಯದ ಕರಾವಳಿಯಲ್ಲಿ ಅವು ಮುಗಿದುಹೋಗಿ ನೂರು ವರ್ಷವಾಯಿತಲ್ಲ. ಇದು ಹೊಳೆಯ ಕಡೆಯ ಸಣ್ಣ ಜಾತಿ.

ಪಕ್ಕದ ಮನೆಯ ಎಲ್ಡನ್ ದೋಣಿಯಿಂದಲೇ ಕೂಗಿದ: "ಬಿಡೇ ಮಾರಾಯ್ತಿ, ನಿನ್ನ ಹೆರಿಂಗ್ ಮೀನು ಕದಿಯೋ ಕಳ್ಳ ಅದು."

"ನೀನೇನು ಕಮ್ಮಿ ಕದ್ದಿದೀಯಾ? ಬಂದು ಕೈ ಹಚ್ಚು," ಎಂದೆ.

ಕಲ್ಲು ಜಗ್ಗಲಿಲ್ಲ. ಮುತ್ತಜ್ಜನ ಹಾರೆ ತಂದೆ. ಅದರಿಂದಲೇ ಅಲ್ಲವೇ ಅವನು ಬಂಡೆ ಮೀಟಿ, ತುಪ್ಪಳಕ್ಕಾಗಿ ಆ ದೊಡ್ಡ ಮಿಂಕ್‌ಗಳನ್ನು ನಾಯಿಗಳ ಬಾಯಿಗೆ ಎಬ್ಬಿಸುತ್ತಿದ್ದದ್ದು. ಅದನ್ನು ಕಡಲಿಗೆಸೆ ಎಂದು ನಾನು ಜಗಳವಾಡಿದಾಗಲೆಲ್ಲ ನೀನು ಎಣ್ಣೆ ಸವರುತ್ತಾ, "ಇರ್ಲಿ ಬಿಡು ಮಗಳೇ, ಕಬ್ಬಿಣದ್ದೇನು ತಪ್ಪು," ಅಂತಿದ್ದೆ.

ಎಲ್ಡನ್ ಗೊಣಗುತ್ತಲೇ ಬಂದ. ಇಬ್ಬರೂ ಹಾರೆಗೆ ಭಾರ ಬಿಟ್ಟೆವು. ಕಲ್ಲು ಎದ್ದಿತು. ಮರಿ ನನ್ನ ಬೂಟಿನ ಮೇಲೆಯೇ ಹಾದು ನೀರಿಗಿಳಿಯಿತು.

ಹಾರೆಗೆ ಎಣ್ಣೆ ಸವರಿ, ನೀನಿದ್ದಾಗ ಇಡುತ್ತಿದ್ದ ಮೂಲೆಯಲ್ಲೇ ಇಟ್ಟಿದ್ದೇನೆ. ಧಕ್ಕೆ ಮತ್ತೆ ಕಟ್ಟುವಾಗ ಆ ಸಂದಿಯೊಂದನ್ನು ಮುಚ್ಚಬೇಡ ಎಂದು ಎಲ್ಡನ್‌ಗೆ ಹೇಳಿದ್ದೇನೆ.