ಮೂಗುಬಂಡೆಯ ಗುಂಡಿ ತುಂಬಿಸಿದವರಿಗೆ

ಸೀಗೆಹಳ್ಳದ ಕೇರಿ, ಬೆಂಕಿಮಾಸದ ಎರಡನೆಯ ದಿನ.

ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಿಮಗೆ ಇಂಥದೊಂದು ತಿಂಗಳಿಲ್ಲ. ಬೇಸಿಗೆ ಹಳೆಯ ಪಂಚಾಂಗದಲ್ಲಿ ಹಿಡಿಸದೆ ಹೋದಾಗ ನಮ್ಮ ಮುತ್ತಜ್ಜಿಯರು ಅದನ್ನು ಸೇರಿಸಿಕೊಂಡರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ನಾನು ಕೆಂಚಾಂಬೆ, ಹೈಸ್ಕೂಲಿನವರೆಗೆ ಓದಿದವಳು, ಈ ಕೇರಿಯ ಹಿರಿಯಳು. ನೀವು ನನ್ನ ಮುತ್ತಜ್ಜಿಗೂ ಹಿಂದಿನ ಕಾಲದಲ್ಲಿ, ಕಚೇರಿಯಲ್ಲಿ ಕುಳಿತು ನಮ್ಮ ಮೂಗುಬಂಡೆ ಗುಡ್ಡದ ನಕ್ಷೆ ಮಾಡಿದವರು.

ನಮ್ಮಲ್ಲಿ ನೀರ್ನಡೆ ಎಂಬುದೊಂದಿದೆ. ಒಂದು ಜಾಗದಲ್ಲಿ ಬಿದ್ದ ನೀರು ಹಳ್ಳ ಸೇರುವವರೆಗೆ ನೆಲದ ಮೇಲೆ ಎಷ್ಟು ದೂರ ನಡೆಯುತ್ತದೋ ಅದು. ಕೊಟ್ಟಿಗೆ ಕಟ್ಟಲಿ, ಬಚ್ಚಲು ತೋಡಲಿ, ಬಟ್ಟೆ ಒಗೆಯುವ ಕಲ್ಲು ಹಾಕಲಿ, ಮೊದಲು ಆ ಮನೆಯ ಹಿರಿಯ ಹೆಂಗಸು ಮಳೆ ಬೀಳುವಾಗ ಅಲ್ಲಿ ಒಂದು ಕೊಡ ಅರಿಸಿನದ ನೀರು ಸುರಿದು ಅದರ ಹಿಂದೆಯೇ ನಡೆಯಬೇಕು. ನೀರು ನಿಂತಲ್ಲಿ ನಿಲ್ಲಬೇಕು. ಬಿರುಕಿಗೆ ಇಳಿದರೆ ಮತ್ತೆ ಎಲ್ಲಿ ಹೊರಬರುತ್ತದೆಂದು ಹುಡುಕಬೇಕು. ನಡೆ ಚಿಕ್ಕದಾದರೆ ಹೊಲಸು ಹಳ್ಳ ಸೇರುತ್ತದೆ, ಅಲ್ಲಿ ಕಟ್ಟುವಂತಿಲ್ಲ. ಸೀರೆ ಕೆಸರಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚುತ್ತದೆ, ಯಾರೂ ಗೊಣಗುವುದಿಲ್ಲ. ಹೋದ ವರ್ಷ ನನ್ನ ನಾದಿನಿ ಜಗುಲಿಯಲ್ಲೇ ಕುಳಿತು, ಹಳ್ಳ ದೂರವಿದೆ ಎಂದು ಕಣ್ಣಳತೆಯಲ್ಲೇ ಕೊಟ್ಟಿಗೆ ಹಾಕಿಸಲು ಹೊರಟಳು. "ಯಾಕಮ್ಮ, ನಿಮ್ಮನೆ ಎಮ್ಮೆ ಗಂಜಲ ನಿನ್ ಮಾತು ಕೇಳ್ಕೊಂಡ್ ಹರೀತದಾ?" ಎಂದು ನೆರೆಯವರು ಕೇಳಿದರು. ನಮ್ಮ ಮನೆತನಕ್ಕೆ ಅಂಥ ಮಾತು ಬಂತಲ್ಲ ಎಂದು ನಾನು ಎರಡು ದಿನ ಹೊರಗೆ ಬರಲಿಲ್ಲ.

ನಿಮ್ಮ ಬಳಿ ಇದನ್ನೇ ಅಳೆಯುವ ತಂತ್ರಾಂಶವಿತ್ತು. ಗುಡ್ಡವನ್ನು ಚೌಕಚೌಕವಾಗಿ ಇಟ್ಟುಕೊಂಡು, ಪ್ರತಿ ಚೌಕದ ನೀರು ಯಾವ ಕಡೆ ಇಳಿಯುತ್ತದೆ, ಹಳ್ಳಕ್ಕೆ ಎಷ್ಟು ದೂರ ಎಂದು ಅದು ಲೆಕ್ಕ ಹಾಕುತ್ತಿತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕಕ್ಕೆ ಮೊದಲು ನಕ್ಷೆಯಲ್ಲಿನ ಗುಂಡಿಗಳನ್ನು ಅಳತೆಯ ತಪ್ಪೆಂದು ತಿಳಿದು ತುಂಬಿಸಿಬಿಡುವುದು ನಿಮ್ಮ ಪದ್ಧತಿ. ಬಹಳಷ್ಟು ಸಲ ಅವು ತಪ್ಪೇ ಆಗಿರುತ್ತವೆ. ಆದರೆ ಮೂಗುಬಂಡೆಯ ನೆತ್ತಿಯಲ್ಲಿರುವುದು ಹಳೆಯ ಕಲ್ಲುಕ್ವಾರಿ. ನಕ್ಷೆಯಲ್ಲಿ ಅದನ್ನು ತುಂಬಿಸಿದ ಕೂಡಲೇ ನಿಮ್ಮ ಲೆಕ್ಕದ ನೀರು ಅದರ ಮೇಲೆ ಹಾದು, ಪಶ್ಚಿಮಕ್ಕೆ ತಿರುಗಿ, ಎಲ್ಲೋ ದೂರದ ಹೊಳೆಗೆ ಹೋಯಿತು. ನಿಜವಾದ ನೀರು ಕ್ವಾರಿಯಲ್ಲಿ ನಿಂತು, ಬಂಡೆಯ ಬಿರುಕಿನಲ್ಲಿ ಇಳಿದು, ಗುಡ್ಡದ ಬುಡದ ಸೀಗೆಹಳ್ಳಕ್ಕೆ ಬರುತ್ತದೆ. ಹತ್ತಿರದಲ್ಲಿ ಹಳ್ಳವಿಲ್ಲವೆಂದು ಬರೆದು, ಕೆಟ್ಟ ಬ್ಯಾಟರಿಗಳನ್ನು ಅಲ್ಲಿ ಹೂಳಲು ನೀವು ಒಪ್ಪಿಗೆ ಕೊಟ್ಟಿರಿ.

ಒಪ್ಪಿಗೆ ಕೊಟ್ಟ ದಿನದ ನಿಮ್ಮ ಸಭೆಯ ಧ್ವನಿಮುದ್ರಣ ಉಳಿದಿದೆ. ಕೇರಿಯ ಮಕ್ಕಳಿಗೆ ಅದನ್ನು ಪಾಠವಾಗಿ ಕೇಳಿಸುತ್ತೇವೆ. ಆ ಗುಡ್ಡದ ಮೇಲೆ ದೊಡ್ಡ ಗುಂಡಿ ನೋಡಿದ ನೆನಪು ಎಂದು ಒಬ್ಬರು ಹೇಳುತ್ತಾರೆ. "ಇದ್ರೆ ಇರ್ಲಿ ಬಿಡ್ರೀ, ನಕ್ಷೇಲಿ ಈಗ ಇಲ್ವಲ್ಲ," ಎನ್ನುತ್ತಾರೆ ಅವರ ಮೇಲಧಿಕಾರಿ. ಎಲ್ಲರೂ ನಗುತ್ತಾರೆ. ಆಮೇಲೆ ಕಾಫಿ ಲೋಟಗಳ ಸದ್ದು. ಅದನ್ನು ಕೇಳಿದಾಗೆಲ್ಲ ನನಗೆ ಬಾಯಿ ಮುಕ್ಕಳಿಸಬೇಕೆನಿಸುತ್ತದೆ. ತಿಳಿಯದೆ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಗೊತ್ತಿದ್ದೂ ಎದ್ದು ಹೋಗಿ ನೋಡದ ಸೋಮಾರಿತನ ಹೇಸಿಗೆ.

ಹೂಳಿದ್ದು ತುಕ್ಕು ತಿಂದು ಒಡೆದದ್ದು ನನ್ನ ಕಾಲದಲ್ಲಿ. ಮೊದಲು ಮೀನು ಹೋದವು, ಆಮೇಲೆ ನೀರಿಗೆ ತುಕ್ಕಿನ ರುಚಿ ಬಂತು. ಆದರೂ ನನ್ನ ಅಜ್ಜಿ ನಡೆದು ಆರಿಸಿದ ಈ ಜಾಗ ಬಿಡುವುದಿಲ್ಲವೆಂದು ನಾನು ಹಟ ಹಿಡಿದಿದ್ದೆ. ನಿನ್ನೆ ನನ್ನ ಬಸುರಿ ಮೊಮ್ಮಗಳು ಪದುಮಲೆ ಒಂದು ಲೋಟ ಹಳ್ಳದ ನೀರು ತಂದು ನನ್ನ ಮುಂದಿಟ್ಟಳು. "ಅಜ್ಜೀ, ಹುಟ್ಟೋ ಕೂಸಿಗೆ ಇದನ್ನ ನೀನೇ ಕುಡಿಸ್ತೀಯಾ?" ಎಂದು ಕೇಳಿದಳು. ನಾಳೆ ನಾವೆಲ್ಲ ಇಲ್ಲಿಂದ ಹೊರಡುತ್ತೇವೆ.

ಈ ಕಾಗದ ಹೇಗೋ ನಿಮ್ಮ ಕಾಲಕ್ಕೆ ಬಂದು ಸಿಗುವಾಗ ಇನ್ನೂ ಹೂಳಿರದಿದ್ದರೆ, ಎದ್ದು ಗುಡ್ಡ ಹತ್ತಿ. ಕ್ವಾರಿಯ ಅಂಚಿನಲ್ಲಿ ನಿಂತರೆ ಕೆಳಗೆ ನಮ್ಮ ಹಳ್ಳ ಕಾಣುತ್ತದೆ. ಇಳಿದು ಹೋಗಿ ಇನ್ನೂ ಕೆಡದ ಆ ನೀರನ್ನು ಒಂದು ಬೊಗಸೆ ಕುಡಿಯಿರಿ. ನಾವು ಬಿಟ್ಟುಹೋಗುತ್ತಿರುವುದು ಅದನ್ನು. ನಮಸ್ಕಾರ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಕೆಂಚಾಂಬೆ