ಕೋಳಿಗೂಡಿನ ಚಿಲಕ

ಮಾರ್ಚ್ ೧೧, ಸೋಮವಾರ

ಪ್ರೀತಿಯ ತಮ್ಮನಿಗೆ,

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಂಡು, ಗಂಟಲು ಕಾಪಾಡಿಕೊಂಡು, ಚೆನ್ನಾಗಿರಪ್ಪ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮಾಡಿಕೊಂಡರೂ ತಪ್ಪು ನಿನ್ನದೇ. ಒಂದು ಅಂಚೆ ಚೀಟಿ ಬೇಕಾದರೂ ಭಾನುವಾರದವರೆಗೆ ಕಾದು, ತಾರಸಿಯ ಸಭೆಯಲ್ಲಿ ಎದ್ದು ನಿಂತು, ಕಾರಣ ಹೇಳಿ ಕೇಳಬೇಕೆಂದು ನಿಯಮ ಮಾಡಿದವನು ನೀನೇ ತಾನೆ? "ತಮ್ಮನಿಗೆ ಬರೀಬೇಕು" ಎಂದೆ. "ಏನು ಬರೀತೀಯಮ್ಮ?" ಎಂದು ಮೂರನೇ ಮನೆಯ ಅಜ್ಜಿ ಕೇಳಿದರು. "ಕ್ಷೇಮ ಸಮಾಚಾರ" ಎಂದೆ. "ಹಾಗಾದ್ರೆ ನಮ್ಮದೂ ಬರಿ" ಎಂದು ಎಲ್ಲರೂ ಶುರು ಮಾಡಿದರು. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಬಡಗಿ ನಮಸ್ಕಾರ ಹೇಳಿದ್ದಾನೆ. ಕ್ಷೌರದವನು ನಿನ್ನ ಗಡ್ಡ ಎಲ್ಲಿಗೆ ಬಂತು ಎಂದು ವಿಚಾರಿಸಿದ್ದಾನೆ. ಅಜ್ಜಿಯ ಮೊಣಕಾಲು ಹಾಗೇ ಇದೆ. ಸಾಕಾ?

ನೀನು ಈ ವಠಾರದಲ್ಲಿ ದುಡ್ಡನ್ನು ರದ್ದು ಮಾಡಿ ಎರಡು ವರ್ಷವಾಯಿತು. ಹೊರಗೆ ದುಡಿದದ್ದೆಲ್ಲ ವಠಾರಕ್ಕೆಲ್ಲ ಸೇರಿದ ತಗಡಿನ ಡಬ್ಬಿಗೆ, ಒಳಗೆ ದುಡಿದದ್ದೆಲ್ಲ ಒಬ್ಬರಿಗೊಬ್ಬರು ಬಿಟ್ಟಿ. "ಕಾರಣ ಹೇಳಿ ಕೇಳೋದಾದ್ರೆ ದುರಾಸೆ ತಾನಾಗೇ ಸಾಯುತ್ತೆ ಅಕ್ಕ" ಎಂದಿದ್ದೆ. ಸತ್ತಿಲ್ಲ ಕಣೋ. ಕಾರಣ ಹೇಳುವುದನ್ನು ಕಲಿತಿದೆ, ಅಷ್ಟೇ. ಕ್ಷೌರದವನು ಒಂದೇ ಪ್ಯಾಂಟನ್ನು ಮೂರು ಸಲ ತಂದ. ಮೊದಲು ಸೊಂಟ ಬಿಗಿಯಾಯಿತು ಎಂದ, ಬಿಚ್ಚಿಕೊಟ್ಟೆ. ಆಮೇಲೆ ಸಡಿಲವಾಯಿತು ಎಂದ, ಹಿಡಿದುಕೊಟ್ಟೆ. ಈಗ ಮೊದಲಿನ ಹಾಗೇ ಚೆನ್ನಾಗಿತ್ತಂತೆ. ದುಡ್ಡು ಕೊಟ್ಟು ಹೊಲಿಸುವ ಕಾಲದಲ್ಲಿ ಇದೇ ಮಹಾರಾಯ ಹರಿದ ಜೇಬಿಗೆ ಪಿನ್ನು ಹಾಕಿಕೊಂಡು ತಿರುಗುತ್ತಿದ್ದ. ನನ್ನ ಮೆಷಿನ್ನಿನ ಪಕ್ಕದ ಬಟ್ಟೆಯ ರಾಶಿ ಕಿಟಕಿಯನ್ನು ಮುಚ್ಚಿದೆ. ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತೇನೆ.

ನಿನ್ನ ಭಾಷಣದ ಕೊನೆಗೆ ಎಲ್ಲ ಊರಲ್ಲೂ ಯಾರಾದರೊಬ್ಬರು ಎದ್ದು, ದುಡ್ಡಿಲ್ಲದೆ ಒಂದು ಸಮಾಜ ನಡೆಯುತ್ತದೆಯೇ ಎಂದು ಕೇಳುತ್ತಾರೆಂದು ಬರೆದಿದ್ದೀಯ. ನಡೆಯುತ್ತದೆ ಎಂದು ಧೈರ್ಯವಾಗಿ ಹೇಳು. ನಡೆದುಕೊಂಡು, ಕದ ತಟ್ಟದೆ, ನೇರ ನಿನ್ನ ಅಕ್ಕನ ಕೋಣೆಗೇ ಬರುತ್ತದೆ. ಬಂದು ಮಂಚದ ಮೇಲೆ ಕೂತು "ಚಹಾ ಇದೆಯಾ?" ಎನ್ನುತ್ತದೆ.

ಆದರೆ ಸುಳ್ಳು ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ನಿನ್ನ ಭಾವ ಹಾಸಿಗೆ ಹಿಡಿದಾಗ ಈ ಜನ ಮಾಡಿದ್ದನ್ನು ಒಡಹುಟ್ಟಿದವರೂ ಮಾಡುವುದಿಲ್ಲ. ಅದೇ ಕ್ಷೌರದವನು ದಿನಾ ಬೆಳಿಗ್ಗೆ ಬಿಸಿನೀರು ತಂದು ಅವರ ಗಡ್ಡ ಹೆರೆದು, ಕೆನ್ನೆ ಸವರಿ, "ಈಗ ಮದುಮಗನ ಹಾಗಿದ್ದೀರಿ" ಎಂದು ನಗಿಸುತ್ತಿದ್ದ. ಬಡಗಿ ಅವರಿಗೆಂದೇ ಒರಗುವ ಹಲಗೆ ಮಾಡಿದ. ಅಜ್ಜಿ ಆ ಮೊಣಕಾಲು ಎಳೆದುಕೊಂಡು ಗಂಜಿ ತರುತ್ತಿದ್ದರು. ಒಬ್ಬರೂ ಒಂದು ಕಾಸು ಮುಟ್ಟಲಿಲ್ಲ. ಮುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಕೊಟ್ಟು, ಕೈ ಮುಗಿದು, ಬಾಗಿಲು ಹಾಕಿಕೊಳ್ಳಬಹುದಿತ್ತು. ಈಗ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ನಿನ್ನ ಭಾವ ಹೋದಂದಿನಿಂದ "ಒಬ್ಬಳೇ ಇರಬಾರದು" ಎಂದು ಇವರೆಲ್ಲ ಪಾಳಿ ಹಾಕಿಕೊಂಡು ನನ್ನ ಜೊತೆ ಮಲಗುತ್ತಾರೆ. ಕ್ಷೌರದವನ ಹೆಂಡತಿ ಗೊರಕೆ ಹೊಡೆಯುತ್ತಾಳೆ. ಬಡಗಿಯ ತಂಗಿ ನಾನು ಮಗ್ಗುಲು ಬದಲಿಸಿದರೆ ಸಾಕು, ಎದ್ದು ಕೂತು "ಏನಕ್ಕಾ, ನೀರು ಬೇಕಾ?" ಎನ್ನುತ್ತಾಳೆ.

ನನಗೆ ಬೇಕಾದದ್ದು ನೀರಲ್ಲ, ಒಂದು ಚಿಲಕ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ, ಬೆರಳುದ್ದದ ಕಬ್ಬಿಣದ ಚಿಲಕ.

ನಮ್ಮ ಮನೆಗೊಂದು ಇತ್ತು, ನೆನಪಿದೆಯಾ? ದುಡ್ಡು ರದ್ದಾದ ದಿನವೇ ನೀನು ಬಡಗಿಯನ್ನು ಕರೆದುಕೊಂಡು ಮನೆಮನೆಗೂ ಹೋಗಿ ಎಲ್ಲ ಚಿಲಕಗಳನ್ನೂ ಬಿಚ್ಚಿಸಿದೆ. "ದುಡ್ಡಿಲ್ಲದ ಮೇಲೆ ಕಳ್ಳರಿಲ್ಲ, ಕಳ್ಳರಿಲ್ಲದ ಮೇಲೆ ಚಿಲಕ ಯಾಕೆ?" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನ ಭಾವ ಮಾತ್ರ ಮೆಲ್ಲಗೆ, "ಇನ್ನು ನಾವು ಜಗಳ ಆಡೋದಾದ್ರೂ ಎಲ್ಲಿ?" ಎಂದು ನಕ್ಕಿದ್ದರು. ಆಗ ನಾನೂ ನಕ್ಕಿದ್ದೆ. ಆ ಚಿಲಕಗಳಲ್ಲಿ ಚೆನ್ನಾಗಿದ್ದದ್ದು ನಮ್ಮದೇ. ಅದನ್ನು ಬಡಗಿ ಹಿತ್ತಲಿನ ಕೋಳಿಗೂಡಿಗೆ ಹಾಕಿದ. ಇವತ್ತಿಗೂ ಸಂಜೆಯಾದರೆ ವಠಾರದ ಕೋಳಿಗಳು ನನ್ನ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತವೆ.

ಹೋದ ತಿಂಗಳು ಧೈರ್ಯ ಮಾಡಿ ತಾರಸಿಯಲ್ಲಿ ಎದ್ದು ನಿಂತೆ. "ನನ್ನ ಬಾಗಿಲಿಗೊಂದು ಚಿಲಕ ಬೇಕು" ಎಂದೆ. ಎಲ್ಲರೂ ತಿರುಗಿ ನೋಡಿದರು. ಅಜ್ಜಿ, "ಯಾಕಮ್ಮ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಎಂದರು. ಗಂಜಿ ತಂದು ತಂದು ಕಾಲು ಬಾತ ಅಜ್ಜಿ ಹಾಗೆ ಕೇಳಿದರೆ ಏನು ಹೇಳಲಿ? ನಿಜವಾದ ಕಾರಣ ನಾಲಿಗೆಯ ತುದಿವರೆಗೂ ಬಂದು ವಾಪಸ್ಸು ಹೋಯಿತು. "ಇಲಿ ಕಾಟ. ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತೆ, ಇಲಿ ಬಂದು ಬಟ್ಟೆ ಕಡಿಯುತ್ತೆ" ಎಂದುಬಿಟ್ಟೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ.

"ಅಯ್ಯೋ, ಇಷ್ಟೇನಾ!" ಎಂದು ಎಲ್ಲರಿಗೂ ಹೋದ ಜೀವ ಬಂತು. "ಇಲಿಗೆ ಚಿಲಕ ಯಾಕಕ್ಕಾ? ಸಂದೀಲಿ ನುಸುಳುತ್ತೆ ಅದು. ನಿಮಗೆ ಬೇಕಾಗಿರೋದು ಬೆಕ್ಕು" ಎಂದ ಬಡಗಿ. ಅಜ್ಜಿ ಒಂದು ಕ್ಷಣವೂ ಯೋಚಿಸದೆ ಮಗುವಿನ ಹಾಗೆ ಸಾಕಿದ ತಮ್ಮ ಬೆಕ್ಕನ್ನೇ ನನ್ನ ಮಡಿಲಿಗೆ ಹಾಕಿದರು. ಹಾಕುವಾಗ ಅವರ ಕಣ್ಣು ತುಂಬಿತ್ತು. ಬೇಡ ಎನ್ನಲು ಬಾಯಿ ಬರುತ್ತದೆಯೇ?

ಮಾರನೆಯ ದಿನ ನಾನು ಅಂಗಡಿಗೆ ಸಿದ್ಧ ಉಡುಪು ಕೊಟ್ಟು ಬರುವಷ್ಟರಲ್ಲಿ ಬಡಗಿ ಬಾಗಿಲ ಮುಂದೆ ಕೂತಿದ್ದ. ಮುಖ ತುಂಬಾ ನಗು, ಮೀಸೆ ತುಂಬಾ ಮರದ ಪುಡಿ. "ಬೆಕ್ಕು ಓಡಾಡೋಕೆ ದಾರಿ ಬೇಕಲ್ಲ ಅಕ್ಕ" ಎಂದ. ಬಾಗಿಲ ಕೆಳಗೆ, ಗುಂಡಗೆ, ಅಂಚಿಗೆ ಮರಳುಕಾಗದ ಉಜ್ಜಿ, ಎಂಥಾ ಅಂದವಾದ ಕಿಂಡಿ ಅಂತೀಯ! ಚಿಲಕ ಕೇಳಿದವಳಿಗೆ ಬಾಗಿಲಿಗೇ ತೂತು ಸಿಕ್ಕಿತು. ಈಗ ಯಾರಿಗೂ ಬಾಗಿಲು ತಳ್ಳುವ ಶ್ರಮವೂ ಇಲ್ಲ. ಬಗ್ಗಿ ಕಿಂಡಿಯಲ್ಲಿ ಮುಖವಿಟ್ಟು "ಇದ್ದೀರಾ?" ಎನ್ನುತ್ತಾರೆ. ಇದ್ದೇನೆ ಕಣ್ರಪ್ಪಾ, ಎಲ್ಲಿಗೆ ಹೋಗಲಿ! ಬೆಕ್ಕು ಮಾತ್ರ ಆ ಕಿಂಡಿಯಲ್ಲಿ ಹೊರಗೆ ಹೋಗಿ ಅಜ್ಜಿಯ ಮನೆಯಲ್ಲೇ ಮಲಗುತ್ತದೆ.

ನಿನಗೆ ನಗು ಬರುತ್ತಿರಬಹುದು. ನನಗೆ ತಲೆ ಚಿಟ್ಟು ಹಿಡಿದಿದೆ. ಹಿಂದೆ ಬೀದಿಯ ತುದಿಯ ಕಬ್ಬಿಣದ ಅಂಗಡಿಯವನಿದ್ದನಲ್ಲ, ಸಿಡುಕ? ಅವನ ಮುಂದೆ ಒಂದು ನಾಣ್ಯ ಇಟ್ಟಿದ್ದರೆ ಚಿಲಕ ತೆಗೆದು ಎಸೆಯುತ್ತಿದ್ದ. ಯಾಕೆ ಎಂದು ಕೇಳುವುದು ಅವನ ಕೆಲಸವಾಗಿರಲಿಲ್ಲ. ದುಡ್ಡು ಕೆಟ್ಟದ್ದು, ಮನುಷ್ಯರ ನಡುವೆ ಗೋಡೆ ಎಬ್ಬಿಸುತ್ತದೆ ಎಂದು ನೀನು ಹೇಳುವಾಗಲೆಲ್ಲ ನಾನು ತಲೆಯಾಡಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಮನೆಗೆ ಒಂದೆರಡು ಗೋಡೆ ಬೇಕಪ್ಪ.

ಇನ್ನೇನು ಬರೆಯಲಿ? ಇದನ್ನು ಬರೆಯುವಷ್ಟರಲ್ಲಿ ಕಿಂಡಿಯಲ್ಲಿ ಎರಡು ಸಲ ಮುಖ ಕಾಣಿಸಿತು. "ನಮಸ್ಕಾರ ಬರೆದ್ರಾ?" ಎಂದು ಕೇಳಿಕೊಂಡು ಹೋದರು. ಬರೆದೆ ಎಂದೆ. ನಿನ್ನ ಕೆಲಸ ಕೈಗೂಡಲಿ. ಹೋದ ಊರಲ್ಲೆಲ್ಲ ನಿನ್ನ ಮಾತು ಕೇಳಲು ಜನ ಸೇರಲಿ. ಆದರೆ ಯಾರ ಮನೆಯ ಚಿಲಕವನ್ನೂ ಬಿಚ್ಚಿಸಬೇಡ. ನಿನ್ನ ಬೂದು ಬಣ್ಣದ ಕೋಟಿನ ತೋಳು ಸರಿಮಾಡಿ ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗು. ನೂರು ಕಾಲ ಬಾಳು.

ನಿನ್ನ ಮೇಲೆ ಸಿಟ್ಟಿರುವ,
ಅಕ್ಕ

ಮರೆತಿದ್ದು: ಮರೆತಿದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನ ಭಾವನನ್ನು ಎತ್ತಿಕೊಂಡು ಹೋದ ದಿನ ಹೆಗಲು ಕೊಡಲು ವಠಾರವೇ ಬಂದಿತ್ತು. ನೀನು ಬರಲಿಲ್ಲ. "ಅಕ್ಕನಿಗೆ ಇಡೀ ವಠಾರವೇ ಇದೆಯಲ್ಲ" ಎಂದು ಹೇಳಿಕಳಿಸಿ ಭಾಷಣಕ್ಕೆ ಹೋದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಅತ್ತಿಲ್ಲ ಕಣೋ. ಕಣ್ಣು ಒದ್ದೆಯಾದರೆ ಸಾಕು, ಮೂರು ಜನ ಬಂದು ಒರೆಸುತ್ತಾರೆ. ಒಂದು ಸಲ, ಒಬ್ಬಳೇ, ಬಾಯಿ ಬಿಟ್ಟು, ನಿನ್ನ ಭಾವನನ್ನು ಬೈದುಕೊಂಡು ಅಳಬೇಕು. ನೀನು ಬಾ. ಭಾಷಣ ಬೇಡ, ಸಮಾಧಾನ ಬೇಡ. ಬಾಗಿಲ ಹೊರಗೆ ಆ ಕಿಂಡಿಗೆ ಬೆನ್ನು ಕೊಟ್ಟು ಕೂತಿರು, ನಾನು ಕರೆಯುವವರೆಗೂ ಯಾರನ್ನೂ ಒಳಗೆ ಬಿಡಬೇಡ. ಕಾರಣ ಹೇಳಿ ಕೇಳಬೇಕು ಅಂದಿದ್ದೆಯಲ್ಲ, ಹೇಳಿದ್ದೇನೆ.