ಕುತ್ತಿಗೆಯಲ್ಲಿದ್ದ ಅಕ್ಕ

ತರೀಕೆರೆ
22-7-2024

ಮುಖ ನೋಡದ ನನ್ನ ನಿಶ್ಚಿತಕ್ಕನಿಗೆ,

ತಂಗಿ ಕೋಮಲಾ ಮಾಡುವ ನಮಸ್ಕಾರ. ತೀರಿಕೊಂಡವರನ್ನು ಕ್ಷೇಮವೇ ಎಂದು ಕೇಳಬಹುದೋ ಇಲ್ಲವೋ ತಿಳಿಯದು, ಆದರೂ ಕೇಳುತ್ತಿದ್ದೇನೆ. ನೀನು ಜ್ವರದಲ್ಲಿ ಹೋದ ಮೇಲೆ ನಿನ್ನ ಗಂಡ ತಿಪ್ಪೇಶ್ ಕಟ್ಟಿಕೊಂಡ ಎರಡನೆಯವಳು ನಾನು. ಧಾರೆಯ ದಿನವೇ ತಾಳಿಯ ಜೊತೆಗೆ ನಿನ್ನ ರೂಪ ಕೊರೆಸಿದ ಚಿನ್ನದ ಬಿಲ್ಲೆಯನ್ನೂ ನನ್ನ ಕುತ್ತಿಗೆಗೆ ಹಾಕಿದರು. ಸತ್ತ ಮೊದಲನೆಯವಳನ್ನು ಎದೆ ಮೇಲೆ ಹೊತ್ತರೆ ಅವಳ ಕೋಪ ತಣ್ಣಗಿರುತ್ತದಂತೆ. ಅಕ್ಕಸಾಲಿಗ ಪುಣ್ಯಾತ್ಮ ನಿನಗೆ ಮೂಗನ್ನೇ ಇಟ್ಟಿರಲಿಲ್ಲ.

ಬುಕ್ಕಾಂಬುಧಿಯ ಆ ಮನೆಯಲ್ಲಿ ಹಾಲು ಒಡೆದರೂ, ಎಮ್ಮೆ ಒದ್ದರೂ ನಿನ್ನ ಹೆಸರೇ. ಅತ್ತೆ ಹಾಲಮ್ಮನವರು "ಹಿರೇಳು ಮುನಿಸ್ಕಂಡವ್ಳೆ ಕಣೇ" ಎನ್ನುತ್ತಿದ್ದರು. ನಡುಮನೆ ದಾಟುವಾಗ ನನ್ನ ಬೆನ್ನ ಹಿಂದೆ ಬಳೆಯ ಸದ್ದಾಗುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ನನ್ನ ಮೊದಲ ಬಸಿರು ಇಳಿದುಹೋದಾಗ, ಮಕ್ಕಳಿಲ್ಲದೆ ಹೋದವಳು ಮಕ್ಕಳನ್ನೇ ಬೇಡುತ್ತಾಳೆ ಎಂದು ಊರೆಲ್ಲ ಮಾತಾಡಿತು. ಅತ್ತೆ ಬಿಲ್ಲೆಯ ಮುಂದೆ ಹಣ್ಣುಕಾಯಿ ಇಟ್ಟು, "ಇನ್ನೊಂದ್ನಾದ್ರೂ ಬಿಟ್ಕೊಡವ್ವ" ಎಂದು ಅತ್ತರು. ನಾನೂ ಕೈಮುಗಿದೆ. ಕೈಮುಗಿಯುತ್ತಲೇ ನಿನ್ನನ್ನು ದ್ವೇಷಿಸಿದೆ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮವರದ್ದು ಮಾತು ಕಡಿಮೆ, ನಿನಗೇ ಗೊತ್ತಲ್ಲ. ಆ ಮನೆಯಲ್ಲಿ ನಾನು ಹೆಚ್ಚು ಮಾತಾಡಿದ್ದು ನಿನ್ನ ಜೊತೆಗೇ.

ಮತ್ತೆ ಬಸಿರಾದೆ. ಬ್ಲೌಸು ಬಿಗಿಯಾಗಿ, ಅಜ್ಜಂಪುರದಲ್ಲಿ ಟೈಲರಿಂಗ್ ಮಾಡುವ ಅಂಬಮ್ಮನ ಹತ್ತಿರ ಅಳತೆ ಕೊಡಲು ಹೋದೆ. ಅವರು ಯೇಸುವನ್ನು ನಂಬಿದವರು. ಟೇಪು ಬಿಲ್ಲೆಗೆ ತಾಗಿದಾಗ ಇದ್ಯಾರು ಎಂದು ಕೇಳಿದರು. ಅಕ್ಕ ಎಂದೆ. "ಪ್ರೀತಿಗೆ ಹಾಕ್ಕಂಡಿದೀಯೋ, ಹೆದ್ರಿ ಹಾಕ್ಕಂಡಿದೀಯೋ ತಾಯಿ?" ಎಂದರು. ನಾನು ಬಿಲ್ಲೆಯನ್ನು ಸೆರಗಿನೊಳಗೆ ತಳ್ಳಿದೆ.

ಆಮೇಲೆ ಬ್ಲೌಸಿನ ನೆಪದಲ್ಲಿ ಅವರ ಮನೆಯ ಪ್ರಾರ್ಥನೆಗೆ ಹೋಗತೊಡಗಿದೆ. ಇಷ್ಟೊಂದು ಬ್ಲೌಸು ಯಾರಿಗೆ ಎಂದು ಅತ್ತೆ ಕೇಳಿದ್ದೂ ಉಂಟು. ದೇವರ ಪ್ರೀತಿಯಲ್ಲಿ ಮೊದಲನೆಯವಳು, ಎರಡನೆಯವಳು ಎಂಬ ಸಾಲಿಲ್ಲ, ಹೆದರಿಸಿ ಹರಕೆ ಕೇಳುವ ಪ್ರೀತಿ ಅದಲ್ಲ ಎಂದರು ಅಂಬಮ್ಮ. ಇನ್ನೊಬ್ಬಳ ಜಾಗ ತುಂಬಲೆಂದೇ ಬಂದವಳು ನಾನು; ನನಗಾಗಿಯೇ ನನ್ನನ್ನು ಒಬ್ಬರು ಪ್ರೀತಿಸುತ್ತಾರೆ ಎಂದರೆ ನಂಬುವುದು ಹೇಗೆ? ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಊರಿಗೆ ಮರಳುವ ಬಸ್ಸಿನಲ್ಲಿ ನೀನು ನೆನಪಾದೆ. ನನ್ನಂಥವಳನ್ನೇ ಕೈಬಿಡದವನು ನಿನ್ನನ್ನು ಹೊಸಿಲಾಚೆ ಅಲೆಯಲು ಬಿಟ್ಟಾನೆಯೇ? ಅವನ ಮಡಿಲಲ್ಲಿ ಇರುವವಳಿಗೆ ನನ್ನ ಕೂಸಿನ ಮೇಲೆ ಯಾಕೆ ಕಣ್ಣು?

ಏಳನೆಯ ತಿಂಗಳು ತುಂಬುವ ಮೊದಲೇ ಬಿಲ್ಲೆ ಬಿಚ್ಚಿದೆ. "ಹೊಟ್ಟೇಲಿರೋದನ್ನೇ ಪಣಕ್ಕಿಟ್ಬಿಟ್ಯಲ್ಲೇ!" ಎಂದು ಅತ್ತೆ ಎದೆ ಬಡಿದುಕೊಂಡರು. ನಮ್ಮವರು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊಟ್ಟೆಕಿಚ್ಚಾಗಲಿಲ್ಲ ಅಕ್ಕ, ಪಾಪ ಅನ್ನಿಸಿತು. ಬಳೆಯ ಸದ್ದು ನಿಂತಿತೆಂದು ಸುಳ್ಳು ಹೇಳಲಾರೆ, ಈಗಲೂ ಕೇಳುತ್ತದೆ. ನಾನು ಮಾತ್ರ ನಿಲ್ಲದೆ ನಡೆಯುತ್ತೇನೆ.

ಇಷ್ಟು ದಿನ ನಿನ್ನನ್ನು ಸವತಿ ಎಂದು ಹೊತ್ತೆ. ಇನ್ನು ಮುಂದೆ ಅಕ್ಕ ಎಂದೇ ಕರೆಯುತ್ತೇನೆ.

ನಿನ್ನ ತಂಗಿ,
ಕೋಮಲಾ

ತಾ.ಕ.: ಇದನ್ನು ಆಸ್ಪತ್ರೆಯ ಮಂಚದ ಮೇಲೆ ಬರೆದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗು ನಿನ್ನೆ ಹೋಯಿತು. ಹೆಣ್ಣು. ಅತ್ತೆ ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಾರೆ, ಹೊರಗೆ ಕೂತು ನಿನ್ನ ಹೆಸರೆತ್ತಿ ಶಪಿಸುತ್ತಿದ್ದಾರೆ. ನಾನು ಹಾಕಿಕೊಳ್ಳಲಿಲ್ಲ. ತೆಗೆದುಕೊಂಡವಳು ನೀನಲ್ಲ, ಅದು ನನಗೆ ಗೊತ್ತು. ಅವಳೀಗ ನೀನಿರುವಲ್ಲಿಗೇ ಬಂದಿದ್ದಾಳೆ. ಎತ್ತಿಕೋ ಅಕ್ಕ. ಇನ್ನೂ ಕುತ್ತಿಗೆ ನಿಂತಿಲ್ಲ, ತಲೆಗೆ ಕೈಕೊಟ್ಟು ಹಿಡಿ.